ಬೇರೆಯವರ ನೋವು ಕೇಳುವವರನ್ನು ನೋಡಿಕೊಳ್ಳುವುದು ಹೇಗೆ? ಮಾನವ ಹಕ್ಕು ಸಂಸ್ಥೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳು ಮುಂಬೈನ ಕುರ್ಲಾದಲ್ಲಿದ್ದ ನಮ್ಮ ಆಫೀಸಿಗೆ ಬಂದಿದ್ದರು. ಕಟ್ಟಡ ಕೆಲಸದವರು. ಕೂಲಿ ಬಾಕಿ ಕೇಳಿದ್ದಕ್ಕೆ ಹೊಡೆತ ತಿಂದಿದ್ದರು. ಆಕೆಗೆ ಕನ್ನಡ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ನಮ್ಮ ವಕೀಲರಿಗೆ ಕನ್ನಡ ಬರುತ್ತಿರಲಿಲ್ಲ. ಇಬ್ಬರ ನಡುವೆ ಕೂತವರು ನಮ್ಮ ಫೀಲ್ಡ್ ವರ್ಕರ್. ವಿಜಯಪುರದ ಕಡೆಯವರು, ಆಗಿನ್ನೂ 26 ವರ್ಷ.

ಆಕೆ ಕನ್ನಡದಲ್ಲಿ ಹೇಳಿದ್ದನ್ನು ಇವರು ಹಿಂದಿಯಲ್ಲಿ ಹೇಳಬೇಕು. "ನನ್ನ ಕೂದಲು ಹಿಡಿದು ಎಳೆದರು." "ನನ್ನ ಮಗ ನೋಡ್ತಾ ನಿಂತಿದ್ದ." ಹೀಗೇ ಮೂರು ಗಂಟೆ. ಎಲ್ಲೂ 'ಆಕೆ' ಅನ್ನುವ ಮಾತಿಲ್ಲ, ಪೂರ್ತಿ 'ನಾನು', 'ನನ್ನ', 'ನನಗೆ'. ಭಾಷಾಂತರ ಮಾಡುವಾಗ ಹಾಗೇ ಹೇಳಬೇಕು ಅಂತ ನಾವೇ ಕಲಿಸಿದ್ದೆವು. ಮೇಜಿನ ಮೇಲೆ ಇಟ್ಟಿದ್ದ ಚಹಾಕ್ಕೆ ಕೆನೆ ಕಟ್ಟಿತ್ತು. ಇಬ್ಬರೂ ಮುಟ್ಟಿರಲಿಲ್ಲ.

ನಾಲ್ಕು ದಿನ ಆದಮೇಲೆ, ಸ್ಟೇಷನ್ನಿನ ಬ್ರಿಜ್ ಮೇಲೆ, ಆ ಫೀಲ್ಡ್ ವರ್ಕರ್ ನನ್ನ ಕೈ ಹಿಡಿದು ನಿಲ್ಲಿಸಿದರು. "ಅಕ್ಕಾರ, ಊಟ ಗಂಟಲದಾಗ ಇಳೀವಲ್ದು" ಅಂದರು. ಆಗ ಆಫೀಸಿನ ಕೋಆರ್ಡಿನೇಟರ್ ನಾನೇ. ಎರಡು ದಿನ ರಜೆ ಕೊಟ್ಟೆ. ರಜೆ ಮುಗಿಸಿ ಬಂದವರನ್ನು ಅದೇ ಕುರ್ಚಿಯಲ್ಲಿ, ಅದೇ ಫೈಲಿನ ಮುಂದೆ ಕೂರಿಸಿದೆ. ಎರಡು ತಿಂಗಳಿಗೆ ಅವರು ಕೆಲಸ ಬಿಟ್ಟು ಊರಿಗೆ ಹೊರಟುಹೋದರು.

ರಜೆ ಕೊಟ್ಟೆ, ಆದರೆ ಕೆಲಸದ ರೀತಿ ಬದಲಿಸಲಿಲ್ಲ. ತಪ್ಪು ಆಗಿದ್ದು ಅಲ್ಲಿ. ಆಮೇಲಿನ ವರ್ಷಗಳಲ್ಲಿ ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂಬೈ, ಪುಣೆ, ಗೋವಾದಲ್ಲಿ ಕಾನೂನು ನೆರವು, ಕೂಲಿಕಾರರ ಹಕ್ಕು, ಮಹಿಳಾ ದೌರ್ಜನ್ಯ, ಮನೆ ತೆರವು ಇಂಥ ಕೆಲಸ ಮಾಡುವ ಸಣ್ಣ ಸಂಸ್ಥೆಗಳು ನನ್ನ ಕಣ್ಣ ಮುಂದಿವೆ. ಐದು ಜನ ಇರಲಿ, ಮೂವತ್ತು ಜನ ಇರಲಿ, ನಾಳೆಯಿಂದಲೇ ಶುರು ಮಾಡಬಹುದಾದ ಕೆಲಸಗಳಿವು.

ಮೊದಲು, ಏನಾಗುತ್ತಿದೆ ಅಂತ ಗುರುತಿಸಿ

"ತುಂಬಾ ಟೆನ್ಷನ್" ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ನಾನು ನೋಡಿದ ಹಾಗೆ ಅದರೊಳಗೆ ಮೂರು ಬೇರೆ ಬೇರೆ ವಿಷಯ ಇರುತ್ತವೆ. ಮೂರಕ್ಕೂ ಮದ್ದು ಬೇರೆ.

ಒಂದು, ಸುಸ್ತು. ಇದನ್ನು ಬರ್ನ್‌ಔಟ್ ಅನ್ನುತ್ತಾರೆ. ಮೈಯಲ್ಲಿ ಶಕ್ತಿ ಇಲ್ಲ ಅನಿಸುವುದು, ಮಾಡುವ ಕೆಲಸದ ಮೇಲೆ ಮನಸ್ಸು ಮುರಿಯುವುದು, ಎಷ್ಟು ಮಾಡಿದರೂ ಏನೂ ಆಗುತ್ತಿಲ್ಲ ಅನಿಸುವುದು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ರೋಗ ಅಂತ ಕರೆದಿಲ್ಲ, ಕೆಲಸದ ಜಾಗಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಬರೆದಿದೆ. ಅಂದಮೇಲೆ ಇದಕ್ಕೆ ಮದ್ದು ಕೂಡ ಕೆಲಸದ ಜಾಗದಲ್ಲೇ ಹುಡುಕಬೇಕು ಅಲ್ವಾ?

ಎರಡು, ಕೇಳಿದ್ದರಿಂದ ಆಗುವ ಆಘಾತ. ಕೇಸಿನ ದೃಶ್ಯ ಕನಸಲ್ಲಿ ಬರುತ್ತದೆ. ಬಾಗಿಲು ಜೋರಾಗಿ ಬಡಿದರೆ ಬೆಚ್ಚಿಬೀಳುತ್ತಾರೆ. ಆ ಕೇಸು ನಡೆದ ಬಸ್ತಿಯ, ಅಂದರೆ ಬಡವರ ವಸತಿಯ, ಕಡೆ ಹೋಗುವ ರಿಕ್ಷಾ ಹತ್ತಲು ಕಾಲು ಬರುವುದಿಲ್ಲ. 'ಹೊಡೆತ ತಿಂದದ್ದು ಅವರು, ಇವರಿಗೇನು' ಅನ್ನಬೇಡಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿಯಲ್ಲಿ, ಕೆಲಸದ ಭಾಗವಾಗಿ ಇಂಥ ಭೀಕರ ವಿವರಗಳನ್ನು ಮತ್ತೆ ಮತ್ತೆ ಕೇಳುವವರಿಗೂ, ನೋಡುವವರಿಗೂ ಆಘಾತದ ಕಾಯಿಲೆ ಬರಬಹುದು ಅಂತ ಸ್ಪಷ್ಟವಾಗಿ ಸೇರಿಸಲಾಗಿದೆ.

ಮೂರು, ಒಳಗಿನಿಂದಲೇ ಆದ ನೋವು. ಮೇಲಿನವರ ಮಾತು, ಜಾತಿಯ ತಾತ್ಸಾರ, ಮಾಡಿದ ಕೆಲಸಕ್ಕೆ ಬೇರೆಯವರ ಹೆಸರು. ಇದಕ್ಕೆ ಕೌನ್ಸೆಲರ್ ಹತ್ತಿರ ಕಳಿಸಿದರೆ ಗಾಯಕ್ಕೆ ಉಪ್ಪು ಸವರಿದಂತೆ.

ಹೆಜ್ಜೆ 1: ಕೇಳಿ, ಆದರೆ ನೀವೇ ಕೇಳಬೇಡಿ

ಸಂಬಳ ಕೊಡುವವರು "ನಿಮಗೇನಾದರೂ ಕಷ್ಟ ಇದೆಯಾ?" ಅಂತ ಕೇಳಿದರೆ ಬರುವ ಉತ್ತರ ಒಂದೇ. "ಇಲ್ಲ ಮೇಡಂ, ಚೆನ್ನಾಗಿದ್ದೀನಿ." ಅದಕ್ಕೇ ಹೊರಗಿನ ಒಬ್ಬರನ್ನು ಕರೆಯಿರಿ. ಬೇರೆ ಸಂಸ್ಥೆಯ ಅನುಭವಸ್ಥರು, ನಿವೃತ್ತ ಸಮಾಜಕಾರ್ಯದ ಮೇಷ್ಟ್ರು, ಯಾರಾದರೂ ಆಗಬಹುದು. ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ, ಆಫೀಸಿನ ಹೊರಗೆ, ಅವರವರ ಭಾಷೆಯಲ್ಲಿ ಮಾತಾಡಲಿ. ನಿಮಗೆ ಸಾರಾಂಶ ಮಾತ್ರ ಬರಲಿ, ಹೆಸರು ಬೇಡ.

ಹೆಸರಿಲ್ಲದ ಚೀಟಿ ಸಾಕಲ್ವಾ ಅಂತ ಕೇಳುತ್ತಾರೆ. ಏಳು ಜನರ ಆಫೀಸಿನಲ್ಲಿ ಕನ್ನಡದಲ್ಲಿ ಬರೆಯುವವರು ಒಬ್ಬರೇ ಇದ್ದರೆ, ಆ ಚೀಟಿಗೆ ಹೆಸರು ಬೇಕಾ? ನಮ್ಮಲ್ಲಿ ಹೀಗೇ ಆಯಿತು. ಒಂದು ಚೀಟಿ ತೆರೆದ ಕೂಡಲೇ ಎಲ್ಲರ ಕಣ್ಣು ಒಬ್ಬರ ಮೇಲೆ ಹೋಯಿತು. ಅವತ್ತಿನಿಂದ ಚೀಟಿ ಬಿಟ್ಟೆವು.

ಕೇಳಬೇಕಾದ ಪ್ರಶ್ನೆಗಳು ಸರಳ. ಯಾವ ಕೆಲಸ ಮಾಡಿದ ದಿನ ರಾತ್ರಿ ನಿದ್ದೆ ಬರುವುದಿಲ್ಲ? ಕಳೆದ ತಿಂಗಳು ಎಷ್ಟು ಭಾನುವಾರ ಫೋನ್ ಬಂತು? ಕಷ್ಟ ಆದಾಗ ಆಫೀಸಿನಲ್ಲಿ ಯಾರ ಹತ್ತಿರ ಹೋಗುತ್ತೀರಿ? ಯಾವ ಒಂದು ಕೆಲಸ ಕಡಿಮೆಯಾದರೆ ಉಸಿರಾಡಬಹುದು? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರಗಳೇ ನಿಮ್ಮ ಮುಂದಿನ ಆರು ತಿಂಗಳ ಪಟ್ಟಿ.

ಯಾರನ್ನು ಕೇಳಬೇಕು ಅನ್ನುವುದನ್ನೂ ನೋಡಿ. ವಕೀಲರು, ಫೀಲ್ಡಿನವರು ಅಷ್ಟೇ ಸಾಲದು. ಹೇಳಿಕೆ ಟೈಪ್ ಮಾಡುವವರು ಪ್ರತಿ ಸಾಲನ್ನೂ ಓದಿರುತ್ತಾರೆ. ಅಕೌಂಟೆಂಟ್ ಆಸ್ಪತ್ರೆ ಬಿಲ್ಲಿನ ಜೊತೆ ಪಿನ್ ಮಾಡಿದ ಗಾಯದ ಫೋಟೋ ನೋಡಿರುತ್ತಾರೆ. ಬಾಗಿಲ ಹತ್ತಿರ ಅಳುತ್ತಾ ಬಂದವರಿಗೆ ಮೊದಲು ನೀರು ಕೊಡುವವರು ಆಫೀಸ್ ಗುಡಿಸುವ ತಾಯಿ. ನಾವು ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಸಿಗುವ ಖಿನ್ನತೆಯ ಪ್ರಶ್ನಾವಳಿ, ಅದರಲ್ಲೂ ಪಿಎಚ್‌ಕ್ಯೂ-9, ಆಫೀಸಿನಲ್ಲಿ ಹಂಚಬೇಡಿ. ಅದರ 9ನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ ಇದೆ. ಯಾರಾದರೂ 'ಹೌದು' ಅಂತ ಗುರುತು ಹಾಕಿ, ಆ ಹಾಳೆ ನಿಮ್ಮ ಡ್ರಾಯರಿನಲ್ಲಿ ಒಂದು ವಾರ ಬಿದ್ದಿದ್ದರೆ? ವೈದ್ಯರ ಕೈಯಲ್ಲಿರಬೇಕಾದ ಹಾಳೆ ಅದು. ಅಳತೆ ಬೇಕೇಬೇಕು ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರ ಹೇಗಿದ್ದಿರಿ ಅಂತ ಕೇಳುತ್ತದೆ. ಒಟ್ಟು 25 ಅಂಕ, 13ಕ್ಕಿಂತ ಕಡಿಮೆ ಬಂದರೆ ಗಮನ ಕೊಡಬೇಕು ಅಂತ ಅರ್ಥ. ಅದನ್ನೂ ಹೊರಗಿನವರ ಮೂಲಕವೇ ಮಾಡಿಸಿ, ಸರಾಸರಿ ಮಾತ್ರ ತಗೊಳ್ಳಿ.

ಹೆಜ್ಜೆ 2: ಕೆಲಸವನ್ನು ಎಣಿಸಬೇಡಿ, ತೂಗಿ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಹೆಚ್ಚಿನ ಸಂಸ್ಥೆಗಳು ಇದನ್ನೇ ದಾಟಿ ಯೋಗ ಶಿಬಿರಕ್ಕೆ ಹೋಗುತ್ತವೆ.

ಒಬ್ಬರಿಗೆ ಹದಿನೈದು ಕೇಸು, ಇನ್ನೊಬ್ಬರಿಗೂ ಹದಿನೈದು. ಸಮ ಅನಿಸುತ್ತದೆ. ಆದರೆ ಒಬ್ಬರ ಹದಿನೈದೂ ರೇಷನ್ ಕಾರ್ಡು, ಕೂಲಿ ಬಾಕಿ. ಇನ್ನೊಬ್ಬರ ಹದಿನೈದರಲ್ಲಿ ನಾಲ್ಕು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಒಂದು ಕಸ್ಟಡಿ ಸಾವು. ನಾವು ಒಂದು ಬಿಳಿ ಬೋರ್ಡ್ ತಂದು ಪ್ರತಿ ಕೇಸಿಗೂ ಒಂದರಿಂದ ಮೂರರವರೆಗೆ ತೂಕ ಬರೆದೆವು. ಕಾಗದಪತ್ರದ ಕೆಲಸಕ್ಕೆ ಒಂದು. ಪೊಲೀಸ್ ಠಾಣೆ, ಕೋರ್ಟು ಓಡಾಟ ಇದ್ದರೆ ಎರಡು. ಹಿಂಸೆಯ ವಿವರ ಕೇಳಬೇಕಾದ್ದಕ್ಕೆ ಮೂರು. ಮೂರರ ಕೇಸು ಒಬ್ಬರ ಕೈಯಲ್ಲಿ ಒಂದೇ ಹೊತ್ತಿಗೆ ಮೂರಕ್ಕಿಂತ ಜಾಸ್ತಿ ಇರಬಾರದು ಅಂತ ಗೆರೆ ಎಳೆದೆವು. ಈ ಗೆರೆ ಯಾವ ಶಾಸ್ತ್ರದಲ್ಲೂ ಇಲ್ಲ, ನಮ್ಮ ಅಳತೆ. ನಿಮ್ಮದು ಬೇರೆ ಇರಬಹುದು. ಗೆರೆ ಒಂದು ಇರಬೇಕು ಅಷ್ಟೇ.

ಗೆರೆ ದಾಟಿದರೆ ಏನು ಮಾಡುವುದು? ಹೊಸ ಕೇಸನ್ನು ಬೇರೆ ಸಂಸ್ಥೆಗೆ ಕಳಿಸುವುದು. ಇದು ಮನಸ್ಸಿಗೆ ಕಷ್ಟ. ಬಾಗಿಲಿಗೆ ಬಂದವರನ್ನು ಬೇರೆ ಕಡೆ ಕಳಿಸುವುದಾ ಅಂತ ನಮ್ಮಲ್ಲೇ ಜಗಳ ಆಯಿತು. ಕೊನೆಗೆ ಒಪ್ಪಿದ್ದು ಹೀಗೆ. ಸುಮ್ನೆ ವಿಳಾಸ ಕೊಟ್ಟು ಕಳಿಸುವುದಿಲ್ಲ. ನಾವೇ ಫೋನ್ ಮಾಡಿ, ಅವರು ಒಪ್ಪಿಕೊಂಡ ಮೇಲೆ, ಮೊದಲ ದಿನ ಜೊತೆಗೆ ಹೋಗುತ್ತೇವೆ.

ಭಾಷಾಂತರ ಮಾಡುವವರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಈ ಊರುಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿಯ ಮೇಲೆ ಬೀಳುವ ಭಾರ ಇದೇ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರು ಮುಂಬೈ, ಪುಣೆ, ಗೋವಾ ಮೂರೂ ಕಡೆ ಇದ್ದಾರೆ. ಅವರ ಕೇಸು ಬಂದರೆ ಆಫೀಸಿನ ಒಬ್ಬ ಕನ್ನಡದವರನ್ನೇ ಕರೆಯುತ್ತಾರೆ, ಅವರ ಹುದ್ದೆ ಯಾವುದೇ ಇರಲಿ. ಬೇರೆ ಭಾಷೆಯಲ್ಲಿ ಕೇಳಿದ್ದು ತಲೆಗೆ ಹೋಗುತ್ತದೆ. ತಾಯಿ ಭಾಷೆಯಲ್ಲಿ ಕೇಳಿದ್ದು ಸೀದಾ ಎದೆಗೇ ಇಳಿಯುತ್ತದೆ. ಅದರ ಮೇಲೆ 'ನಾನು' ಅಂತ ತಮ್ಮ ಬಾಯಿಂದಲೇ ಹೇಳಬೇಕು. ನಾವು ಮಾಡಿಕೊಂಡ ನಿಯಮಗಳು ಇವು:

- ಕೋರ್ಟಿನಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಹೇಳಬೇಕು, ಅಲ್ಲಿ ಬೇರೆ ದಾರಿ ಇಲ್ಲ. ಆದರೆ ಆಫೀಸಿನಲ್ಲಿ ಮೊದಲ ಬಾರಿ ಕೇಳುವಾಗ 'ಅವರಿಗೆ ಹೀಗಾಯಿತಂತೆ' ಅಂತ ಹೇಳಬಹುದು.
- 45 ನಿಮಿಷಕ್ಕೊಮ್ಮೆ ವಿರಾಮ. ಹೇಳುವವರಿಗೂ ಅದು ಬೇಕು.
- ಒಂದು ದಿನಕ್ಕೆ ಇಂಥ ಹೇಳಿಕೆ ಒಂದೇ. ಮರುದಿನ ಅವರಿಗೆ ಹೊಸ ಕೇಸು ಇಲ್ಲ.
- ಭಾಷಾಂತರವನ್ನು ಕೆಲಸ ಅಂತ ಲೆಕ್ಕ ಹಾಕಿ, ಅದಕ್ಕೆ ಸಮಯ ಕೊಡಿ, ದುಡ್ಡು ಕೊಡಿ. 'ನಿಮಗೆ ಕನ್ನಡ ಬರುತ್ತಲ್ಲ, ಸ್ವಲ್ಪ ಕೂತ್ಕೊಳ್ಳಿ' ಅನ್ನಬೇಡಿ.
- ಒಬ್ಬರೇ ಕನ್ನಡದವರಿದ್ದರೆ ಇನ್ನೊಬ್ಬರನ್ನು ಹುಡುಕಿ. ಸಂಸ್ಥೆಗಳು ಸೇರಿ ಒಬ್ಬರನ್ನು ಹಂಚಿಕೊಳ್ಳಬಹುದು.

ಇನ್ನು ಫೋಟೋ, ವಿಡಿಯೋ. ದೌರ್ಜನ್ಯದ ವಿಡಿಯೋ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತದೆ. ಬೆಳಗ್ಗೆ ಆರಕ್ಕೆ, ಹಾಸಿಗೆಯಲ್ಲೇ, ಎಲ್ಲರೂ ನೋಡುತ್ತಾರೆ. ನೋಡಬೇಕಾದವರು ಒಬ್ಬರೇ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2020ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊತೆ ಸೇರಿ ಡಿಜಿಟಲ್ ಸಾಕ್ಷ್ಯಕ್ಕೆ ಒಂದು ಕೈಪಿಡಿ ತಂದಿತು. ಸಾಕ್ಷ್ಯ ನೋಡುವವರ ಮನಸ್ಸಿನ ಸುರಕ್ಷತೆಯೂ ಅದರ ಒಂದು ವಿಷಯ. ನಾವೇ ಮಾಡಬಹುದಾದ ಅಭ್ಯಾಸಗಳು ಇವು. ಮೊದಲು ಶಬ್ದ ಆಫ್ ಮಾಡಿ ನೋಡಿ, ಕಿರುಚಾಟ ಚಿತ್ರಕ್ಕಿಂತ ಹೆಚ್ಚು ಕಾಡುತ್ತದೆ. ಪರದೆಯ ಕಿಟಕಿ ಸಣ್ಣದು ಮಾಡಿ. ಬೇಕಾದ ಭಾಗ ಮಾತ್ರ ನೋಡಿ. ಫೈಲಿನ ಹೆಸರಲ್ಲೇ 'ಗಾಯ ಇದೆ', 'ಮಗು ಇದೆ' ಅಂತ ಬರೆಯಿರಿ, ಗೊತ್ತಿಲ್ಲದೆ ತೆರೆಯುವವರು ಬೆಚ್ಚಬಾರದು. ಮಲಗುವ ಮುಂಚೆ ಬೇಡವೇ ಬೇಡ.

ಫೋನ್‌ಗೆ ಒಂದೇ ಉಪಾಯ ನಮ್ಮಲ್ಲಿ ನಿಂತದ್ದು. ಆಫೀಸಿನದೇ ಒಂದು ಫೋನ್, ಅದೊಂದೇ ನಂಬರ್ ಜನರಿಗೆ ಕೊಡುವುದು. ವಾರಕ್ಕೊಬ್ಬರು ಅದನ್ನು ಇಟ್ಟುಕೊಳ್ಳುವುದು. ಬೆಳಗಿನ ಜಾವ ಬುಲ್ಡೋಜರ್ ಬಂತು ಅಂತ ಕರೆ ಬಂದರೆ ಆ ವಾರದವರು ಏಳುತ್ತಾರೆ, ಉಳಿದವರು ಮಲಗಿರುತ್ತಾರೆ. ಫೋನ್ ಇಟ್ಟುಕೊಂಡ ವಾರಕ್ಕೆ ಒಂದು ದಿನ ರಜೆ. ಹಳೆಯ ಕೇಸಿನವರು ಕೆಲವರ ಸ್ವಂತ ನಂಬರಿಗೇ ಮಾಡುತ್ತಿದ್ದರು. ಅದು ನಿಲ್ಲಲು ನಾಲ್ಕೈದು ತಿಂಗಳು ಬೇಕಾಯಿತು. ಕೈಬಿಡಬೇಡಿ.

ದಾರಿಯ ಸುಸ್ತನ್ನೂ ಮರೆಯಬೇಡಿ. ಮುಂಬೈ ಹೊರವಲಯದ ವಿರಾರ್, ಕಲ್ಯಾಣ್ ಕಡೆಯಿಂದ ನಿಂತುಕೊಂಡೇ ಲೋಕಲ್ ರೈಲಿನಲ್ಲಿ ಬಂದವರಿಗೆ ದಿನಕ್ಕೆ ಮೂರು ಗಂಟೆ ಅಲ್ಲೇ ಹೋಗಿರುತ್ತದೆ. ಪೊಲೀಸ್ ಠಾಣೆಯಲ್ಲಿ ರಾತ್ರಿ ಹತ್ತಾದರೆ ಟ್ಯಾಕ್ಸಿಗೆ ದುಡ್ಡು ಕೊಡಿ, ಮಾರನೇ ದಿನ ಮಧ್ಯಾಹ್ನ ಬರಲು ಹೇಳಿ. ಇದನ್ನು ಕೇಳಿ ಪಡೆಯುವ ಹಾಗಿರಬಾರದು, ನಿಯಮದಲ್ಲೇ ಇರಬೇಕು.

ಹೆಜ್ಜೆ 3: ಸಂಬಳದ ಮಾತು ಮುಚ್ಚಿಡಬೇಡಿ

ಜನವರಿ ಬಂದರೆ ಸಾಕು, ಎಷ್ಟೋ ಸಂಸ್ಥೆಗಳಲ್ಲಿ ಎಲ್ಲರ ಮುಖ ಬಾಡುತ್ತದೆ. ಮಾರ್ಚ್ 31ಕ್ಕೆ ಪ್ರಾಜೆಕ್ಟ್ ಮುಗಿಯುತ್ತದೆ, ಏಪ್ರಿಲ್ ಸಂಬಳ ಇದೆಯೋ ಇಲ್ಲವೋ ಯಾರೂ ಬಾಯಿಬಿಡುವುದಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ, ಊರಿಗೆ ದುಡ್ಡು ಕಳಿಸುವವರಿಗೆ ಈ ಮೌನಕ್ಕಿಂತ ದೊಡ್ಡ ಹಿಂಸೆ ಇಲ್ಲ. ನಿಜ ಕೆಟ್ಟದ್ದಿದ್ದರೂ ಡಿಸೆಂಬರಿನಲ್ಲೇ ಹೇಳಿಬಿಡಿ. ಎಷ್ಟು ತಿಂಗಳ ದುಡ್ಡಿದೆ, ಯಾರ ಹತ್ತಿರ ಅರ್ಜಿ ಹಾಕಿದ್ದೀರಿ, ಉತ್ತರ ಯಾವಾಗ ಬರುತ್ತದೆ, ಎಲ್ಲ ಹೇಳಿ.

ಬಜೆಟ್ಟಿನಲ್ಲಿ ಸಿಬ್ಬಂದಿಯ ಆರೈಕೆಗೆ ಒಂದು ಸಾಲು ಬರೆಯಿರಿ. ಹತ್ತು ಜನ, ಒಬ್ಬೊಬ್ಬರಿಗೆ ವರ್ಷಕ್ಕೆ ಆರು ಸಲ ಕೌನ್ಸೆಲಿಂಗ್, ಸಲಕ್ಕೆ 1,000 ರೂಪಾಯಿ ಅಂತ ಹಿಡಿದರೆ 60,000 ರೂಪಾಯಿ. ರಾತ್ರಿ ಟ್ಯಾಕ್ಸಿ, ಭಾಷಾಂತರದ ಭತ್ಯೆ ಬೇರೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಒಂದು ವಿಷಯ ನೆನಪಿಡಬೇಕು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆ ದುಡ್ಡಿನಲ್ಲಿ ಆಡಳಿತ ವೆಚ್ಚ ಶೇಕಡಾ 20 ದಾಟಬಾರದು. ಮೊದಲು 50 ಇತ್ತು. ಈ ಸಾಲು ಯಾವ ಖಾತೆಗೆ ಬರುತ್ತದೆ ಅಂತ ಆಡಿಟರ್ ಹತ್ತಿರ ಮೊದಲೇ ಕೂತು ಮಾತಾಡಿ. ದೇಣಿಗೆದಾರರಿಗೂ ನೇರವಾಗಿ ಹೇಳಿ. ಒಬ್ಬ ಅನುಭವಿ ಫೀಲ್ಡ್ ವರ್ಕರ್ ಬಿಟ್ಟುಹೋದರೆ ಆ ಬಸ್ತಿಯಲ್ಲಿ ಮತ್ತೆ ನಂಬಿಕೆ ಗಳಿಸಲು ಒಂದು ವರ್ಷ ಬೇಕು. ಇದು ಅವರಿಗೂ ಅರ್ಥ ಆಗುವ ಲೆಕ್ಕ.

ಹೆಜ್ಜೆ 4: ಕೆಟ್ಟದ್ದು ನಡೆದ ದಿನ ಏನು ಮಾಡಬೇಕು

ಸಿಬ್ಬಂದಿಯ ಮೇಲೆ ಹಲ್ಲೆ ಆಯಿತು, ಬೆದರಿಕೆ ಬಂತು, ನಾವು ನೋಡಿಕೊಳ್ಳುತ್ತಿದ್ದ ಒಬ್ಬರು ತೀರಿಕೊಂಡರು. ಇಂಥ ದಿನ ಎಲ್ಲರನ್ನೂ ಸುತ್ತ ಕೂರಿಸಿ, "ಏನಾಯಿತು, ಹೇಗನಿಸಿತು, ಎಲ್ಲ ಹೇಳಿಬಿಡಿ, ಹಗುರಾಗುತ್ತೆ" ಅನ್ನುವ ರೂಢಿ ಇದೆ. ನಾನೂ ಮಾಡಿಸಿದ್ದೇನೆ. ಒಳ್ಳೆಯದೆಂದೇ ನಂಬಿದ್ದೆ. ಆದರೆ ಆಗಷ್ಟೇ ಆಘಾತ ಆದವರನ್ನು ಹೀಗೆ ಕೂರಿಸಿ ವಿವರ ಹೇಳಿಸುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಲವಂತದಿಂದ ಬಾಯಿಬಿಡಿಸಿದರೆ ಗಾಯ ಕೆದಕಿದ ಹಾಗಾಗುತ್ತದೆ. ಪಕ್ಕದಲ್ಲಿ ಕೂತು ಕೇಳಿದವರಿಗೂ ಹೊಸ ಭಾರ.

ಅದರ ಬದಲು ಆ ಸಂಸ್ಥೆ 2011ರಲ್ಲಿ ಹೊರತಂದ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಮಾತು ಹೇಳುತ್ತದೆ. ನೋಡಿ, ಆಲಿಸಿ, ಜೋಡಿಸಿ. ಮೊದಲು ಜೀವಕ್ಕೆ ಅಪಾಯ ಇದೆಯಾ, ಗಾಯ ಇದೆಯಾ ನೋಡಿ. ಅವರಾಗಿ ಹೇಳಿದರೆ ಆಲಿಸಿ, ಹೇಳದಿದ್ದರೆ ಸುಮ್ಮನೆ ಜೊತೆಗಿರಿ. ಆಮೇಲೆ ಬೇಕಾದವರ ಜೊತೆ ಜೋಡಿಸಿ. ಮನೆಯವರು, ವೈದ್ಯರು, ವಕೀಲರು, ಯಾರು ಬೇಕೋ ಅವರು.

ನಮ್ಮ ಭಾಷೆಯಲ್ಲಿ ಇದಕ್ಕೆ ಮಾತುಗಳು ಸಿದ್ಧವಾಗೇ ಇವೆ. "ಊಟ ಆಯ್ತಾ?" "ಇವತ್ತು ಮನೆಗೆ ಯಾರ ಜೊತೆ ಹೋಗ್ತೀರಿ?" "ಮನೆಯಲ್ಲಿ ಯಾರಿದ್ದಾರೆ ರಾತ್ರಿ?" "ನಾಳೆಯ ಹಿಯರಿಂಗ್ ನಾನು ನೋಡ್ಕೋತೀನಿ." ಇಷ್ಟು ಸಾಕು. "ಗಟ್ಟಿಯಾಗಿರಬೇಕು", "ಈ ಕೆಲಸದಲ್ಲಿ ಇದೆಲ್ಲ ಮಾಮೂಲು", "ಅವರ ಕಷ್ಟದ ಮುಂದೆ ನಮ್ಮದೇನು" ಇವು ಮೂರೂ ಬೇಡ. ಮೂರನೆಯದಂತೂ ನಮ್ಮ ಕ್ಷೇತ್ರದ ಶಾಪ. ಈ ಮಾತು ಕೇಳಿ ಕೇಳಿಯೇ ಜನ ತಮ್ಮ ನೋವನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ.

ಒಂದು ವಾರ ಬಿಟ್ಟು, ಮತ್ತೆ ಒಂದು ತಿಂಗಳು ಬಿಟ್ಟು ವಿಚಾರಿಸಿ. ಒಂದು ತಿಂಗಳಾದ ಮೇಲೂ ನಿದ್ದೆ ಇಲ್ಲ, ಬೆಚ್ಚುವುದು ನಿಂತಿಲ್ಲ ಅಂದರೆ ವೈದ್ಯರನ್ನು ಕಾಣಬೇಕು. ಈ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಇಲ್ಲದಿದ್ದರೆ ಮರೆತೇ ಹೋಗುತ್ತದೆ.

ಮಾಮೂಲಿ ದಿನಗಳಿಗೆ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆಯ ಮಾತುಕತೆ ಇಡಿ. ಕೇಸಿನ ಪ್ರಗತಿ ಕೇಳುವ ಸಭೆ ಬೇರೆ, ಇದು ಬೇರೆ. ನಡೆಸುವವರು ಬಾಸ್ ಆಗಿರಬಾರದು. ಒಳಗಿನ ಒಬ್ಬರಿಬ್ಬರಿಗೆ ತರಬೇತಿ ಕೊಡಿಸಬಹುದು. ಗೋವಾದಲ್ಲಿ 1996ರಿಂದ ಇರುವ ಸಂಗಾತ್ ಸಂಸ್ಥೆ, ಮನೋವಿಜ್ಞಾನ ಓದಿರದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಅವರಿಂದಲೇ ಕೌನ್ಸೆಲಿಂಗ್ ಮಾಡಿಸಿ ತೋರಿಸಿದೆ. ತಾಳ್ಮೆಯಿಂದ ಕೇಳುವುದು ಕಲಿಯಬಹುದಾದ ವಿದ್ಯೆ.

ಹೆಜ್ಜೆ 5: ಹೊರಗಿನ ಸಹಾಯದ ಪಟ್ಟಿ ಗೋಡೆಯ ಮೇಲಿರಲಿ

ಬಾತ್‌ರೂಮಿನ ಬಾಗಿಲ ಹಿಂದೆ ಅಂಟಿಸಿದರೆ ಇನ್ನೂ ಒಳ್ಳೆಯದು. ಯಾರೂ ನೋಡದ ಹಾಗೆ ನಂಬರ್ ಬರೆದುಕೊಳ್ಳಬಹುದು.

ಟೆಲಿ ಮಾನಸ್, 14416. ಮಾನಸಿಕ ಆರೋಗ್ಯದ ಸಹಾಯವಾಣಿ. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತಾಡಬಹುದು. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2012ರಲ್ಲಿ ಶುರು ಮಾಡಿದ ಐಕಾಲ್ ಸಹಾಯವಾಣಿಯೂ ಇದೆ. ಆಸ್ಪತ್ರೆ ಬೇಕಾದರೆ ಮುಂಬೈಯಲ್ಲಿ ಪರೇಲಿನ ಕೆಇಎಂ, ನಾಯರ್, ಸಯನ್, ಮೂರೂ ಮಹಾನಗರಪಾಲಿಕೆಯವು, ಮೂರರಲ್ಲೂ ಮನೋವೈದ್ಯ ವಿಭಾಗ ಇದೆ. ಪುಣೆಯಲ್ಲಿ ಸಸೂನ್ ಆಸ್ಪತ್ರೆ. ಗೋವಾದಲ್ಲಿ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆ. ಸಿಬ್ಬಂದಿಯ ಮನೆಯಲ್ಲೇ ಹೊಡೆತ ಬಡಿತ ನಡೆಯುತ್ತಿರಬಹುದು. ನಾವು ಬೇರೆಯವರಿಗೆ ಹೇಳುತ್ತೇವೆ, ನಮ್ಮವರನ್ನು ಕೇಳುವುದಿಲ್ಲ. ಮನೆಯ ಹಿಂಸೆಗೆ ಒಳಗಾದ ಹೆಂಗಸರಿಗಾಗಿ 2001ರಲ್ಲಿ ಮುಂಬೈನ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಶುರುವಾದ ದಿಲಾಸಾ ಕೇಂದ್ರ ಅವರಿಗೂ ಇದೆ.

ಖಾಸಗಿ ಕೌನ್ಸೆಲರ್ ಜೊತೆ ಒಪ್ಪಂದ ಮಾಡಿಕೊಳ್ಳುವುದಾದರೆ ಓದು, ಅನುಭವ ವಿಚಾರಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯಾ ಕೇಳಿ. ಬಿಲ್ಲಿನಲ್ಲಿ ಹೆಸರು ಬೇಡ, 'ಈ ತಿಂಗಳು ಎಂಟು ಸೆಷನ್' ಅಂತ ಮಾತ್ರ ಬರಲಿ. ಯಾರು ಹೋದರು, ಏನು ಮಾತಾಡಿದರು ಅಂತ ನೀವು ಯಾವತ್ತೂ ಕೇಳಬೇಡಿ. ಚಿಕಿತ್ಸೆ ಪಡೆಯುವವರ ಗೌಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಒಂದು ಹಕ್ಕು.

ಕನ್ನಡದ ಕೌನ್ಸೆಲರ್ ಸಿಕ್ಕರೆ ಎಲ್ಲರಿಗೂ ಖುಷಿ ಅಂದುಕೊಂಡಿದ್ದೆ. ಹಾಗೇನಿಲ್ಲ. ಇಲ್ಲಿನ ಕನ್ನಡಿಗರ ವಲಯ ಚಿಕ್ಕದು. ಮಾಟುಂಗಾದಲ್ಲಿ ಒಂದು ನಾಟಕಕ್ಕೆ ಹೋದರೆ ಅರ್ಧ ಸಭೆ ಪರಿಚಯದವರೇ. "ಅವರು ನಮ್ಮ ಚಿಕ್ಕಮ್ಮನಿಗೆ ಗೊತ್ತು, ಬೇಡ" ಅಂತ ಒಬ್ಬರು ಮರಾಠಿ ಕೌನ್ಸೆಲರ್‌ನ್ನೇ ಆರಿಸಿಕೊಂಡರು. ಇನ್ನೊಬ್ಬರಿಗೆ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಅಳುವುದಕ್ಕೇ ಆಗುತ್ತಿರಲಿಲ್ಲ. ಎರಡೂ ಬಾಗಿಲು ತೆರೆದಿಡಿ.

ವಿಮೆಯ ವಿಷಯ. ಅದೇ 2017ರ ಕಾಯ್ದೆಯ 21(4)ನೇ ಕಲಂ ಪ್ರಕಾರ ದೈಹಿಕ ಕಾಯಿಲೆಗೆ ಇರುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತವೆ. ಆಸ್ಪತ್ರೆಗೆ ಸೇರದೆ ಪಡೆಯುವ ಕೌನ್ಸೆಲಿಂಗ್‌ಗೆ ಬಜೆಟ್ಟಿನ ಆ 60,000ದ ಸಾಲೇ ಆಧಾರ.

ಹೆಜ್ಜೆ 6: ಜೀವದ ಮಾತು ಬಂದಾಗ

"ಸಾಕಾಗಿದೆ, ಇರೋದೇ ಬೇಡ ಅನಿಸುತ್ತೆ" ಅಂತ ಯಾರಾದರೂ ಹೇಳಿದರೆ ಮಾತು ತಿರುಗಿಸಬೇಡಿ. "ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು. ಕೇಳಿದಾಗ ಎಷ್ಟೋ ಜನಕ್ಕೆ ಉಸಿರು ಬಿಟ್ಟ ಹಾಗಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಅವರು ಒಪ್ಪುವ ಮನೆಯವರನ್ನು ಕರೆಸಿ. 14416ಕ್ಕೆ ಜೊತೆಯಲ್ಲೇ ಕೂತು ಫೋನ್ ಮಾಡಿ, ಅಥವಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತುರ್ತು ಇದ್ದರೆ 112, ಆಂಬುಲೆನ್ಸ್‌ಗೆ 108.

ಪೊಲೀಸ್ ಕೇಸ್ ಆಗುತ್ತೆ ಅನ್ನುವ ಭಯಕ್ಕೆ ಜನ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ. 2017ರ ಕಾಯ್ದೆಯ 115ನೇ ಕಲಂ ಹೇಳುವುದು ಬೇರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಅವರಿಗೆ ಶಿಕ್ಷೆಯ ಬದಲು ಆರೈಕೆ ಸಿಗಬೇಕು. ಇದನ್ನು ಆಫೀಸಿನ ಎಲ್ಲರಿಗೂ ಗೊತ್ತು ಮಾಡಿ.

ಹೆಜ್ಜೆ 7: ಒಳಗಿನ ಗಾಯ

ಹೊರಗೆ ಸಮಾನತೆಯ ಭಾಷಣ, ಒಳಗೆ ಫೀಲ್ಡಿನವರಿಗೆ ಒಂದು ಲೋಟ, ಆಫೀಸಿನವರಿಗೆ ಒಂದು ಕಪ್ಪು. ಇದು ಇದ್ದರೆ ಮೇಲಿನ ಆರು ಹೆಜ್ಜೆಯೂ ವ್ಯರ್ಥ. ಫೀಲ್ಡಿನವರು ಸಾಮಾನ್ಯವಾಗಿ ಅದೇ ಬಸ್ತಿಯವರು, ಅದೇ ಜಾತಿ ಸಮುದಾಯದವರು. 2004ರಲ್ಲಿ ಗೋವಾದ ವಾಸ್ಕೋ ಹತ್ತಿರದ ಬೈನಾದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕರ್ನಾಟಕದವರು ತುಂಬಾ ಇದ್ದರು. ಇಂಥ ಜಾಗದಲ್ಲಿ ಬೆಳೆದವರು ತೆರವಿನ ಕೇಸಿನಲ್ಲಿ ಕೆಲಸ ಮಾಡುವಾಗ ಅವರ ಪಾಲಿಗೆ ಕೇಸೂ ಬದುಕೂ ಒಂದೇ. ಸಂಜೆ ಆರಕ್ಕೆ ಅವರು ಹೋಗುವ ಮನೆಯೂ ಅಲ್ಲೇ ಇರುತ್ತದೆ. ಅವರಿಗೆ ಎಂಟು ದಿನಕ್ಕೊಮ್ಮೆ ಬಸ್ತಿಯಿಂದ ದೂರದ ಕೆಲಸ ಕೊಡಿ. ತೀರ್ಮಾನ ಮಾಡುವ ಸಭೆಯಲ್ಲಿ ಕುರ್ಚಿ ಕೊಡಿ. ವರದಿಯಲ್ಲಿ ಅವರ ಹೆಸರು ಹಾಕಿ, ಅವರಿಗೆ ಒಪ್ಪಿಗೆ ಇದ್ದರೆ.

ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ನಮಗೂ ಅನ್ವಯಿಸುತ್ತದೆ. ಹತ್ತು ಜನ ಅಥವಾ ಜಾಸ್ತಿ ಇದ್ದರೆ ಆಂತರಿಕ ಸಮಿತಿ ಇರಲೇಬೇಕು. ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. 'ಸಂಸ್ಥೆಯ ಹೆಸರು ಹಾಳಾಗುತ್ತೆ' ಅಂತ ಯಾರನ್ನೂ ಸುಮ್ಮನಾಗಿಸಬೇಡಿ.

ಹೆಜ್ಜೆ 8: ವಾಪಸ್ ಬಂದವರನ್ನು ಬರಮಾಡಿಕೊಳ್ಳುವುದು

ಬ್ರಿಜ್ ಮೇಲೆ ಕೈ ಹಿಡಿದವರ ವಿಷಯದಲ್ಲಿ ನಾನು ಎಡವಿದ್ದು ಇಲ್ಲೇ. ಈಗ ಹೀಗೆ ಮಾಡುತ್ತೇವೆ. ಬರುವ ಮುಂಚೆ ಫೋನಿನಲ್ಲಿ ಕೇಳುತ್ತೇವೆ: ಯಾವ ಕೆಲಸ ಆಗುತ್ತೆ, ಯಾವುದು ಈಗ ಬೇಡ, ಬೇರೆಯವರಿಗೆ ಏನು ಹೇಳಬೇಕು. ಮೊದಲ ಎರಡು ವಾರ ಅರ್ಧ ದಿನ, ಪೂರ್ತಿ ಸಂಬಳ. ಮೂರರ ತೂಕದ ಕೇಸು ಒಂದು ತಿಂಗಳು ಇಲ್ಲ. ಹಳೆಯ ಫೈಲು ಬೇರೆಯವರ ಹತ್ತಿರವೇ ಇರುತ್ತದೆ, ಅವರಾಗಿ ಕೇಳುವವರೆಗೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ನಾನು ರಜೆಯಲ್ಲಿದ್ದರೂ ಆ ಹಾಳೆ ಮಾತಾಡಬೇಕು.

ಕಳೆದ ಮಳೆಗಾಲದಲ್ಲಿ ಇನ್ನೊಬ್ಬ ಹೆಣ್ಣುಮಗಳು ಬಂದರು. ಯಾದಗಿರಿ ಕಡೆಯವರು. ಈ ಸಲ ನಡುವೆ ಕೂರಲು ನಮ್ಮಲ್ಲಿ ಇಬ್ಬರು ಕನ್ನಡದವರಿದ್ದರು. 45 ನಿಮಿಷಕ್ಕೆ ಒಬ್ಬರು ಎದ್ದು, ಇನ್ನೊಬ್ಬರು ಕೂತರು. ಎದ್ದವರು ಹೊರಗೆ ಬಂದು ಕಿಟಕಿಯ ಹತ್ತಿರ ನಿಂತು, ಬಿಸಿ ಇರುವಾಗಲೇ ಚಹಾ ಕುಡಿದರು.